ಚಿಂಚೋಳಿಯ ಇಬ್ಬನಿ

ವಾಡಿಯಿಂದ ಹೈದರಾಬಾದಿನ ಕಡೆಗೆ ಹೊರಳುವ ರೈಲುದಾರಿಯಲ್ಲಿ ಚಿತ್ತಾಪುರವನ್ನು ದಾಟಿ ಸೇಡಂ ಸೇರುವವರೆಗೆ ಪ್ರವಾಸಿಯ ಕಣ್ಣಿಗೆ ಬೀಳುವುದು ಹಾಸುಗಲ್ಲು ಸುಣ್ಣಕಲ್ಲುಗಳ ನಾಡು. ಅಲ್ಲಿಂದ ಉತ್ತರಕ್ಕೆ ಚಿಂಚೋಳಿಯ ರಸ್ತೆ ಹಿಡಿದರೆ ಚಿತ್ರ ಮಾರ್ಪಡುತ್ತದೆ. ಕರಿಯ ಎರೆಹೊಲಗಳು, ಅವುಗಳಾಚೆ ಕೆಂಪು ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಮೇಲೆ ಕುರುಚಲು ಕಾಡು. ಊರ ಮಗ್ಗುಲಲ್ಲಿ ಹರಿಯುವ ಮುಲ್ಲಾಮಾರಿ ಹೊಳೆಯು ಮುಂದೆ ಕಾಗಿಣೆಯನ್ನು ಕೂಡಿಕೊಳ್ಳುತ್ತದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಣ ಕಾಡು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ದೊಡ್ಡ ಪಟ್ಟಣಗಳ ದೀಪಗಳು ದೂರವಿರುವುದರಿಂದ ಈ ಸೀಮೆಯಲ್ಲಿ ಅಮಾವಾಸ್ಯೆಯ ಆಕಾಶವು ನಿಜವಾಗಿ ಕಪ್ಪಾಗಿರುತ್ತದೆ. ಆ ಕಪ್ಪನ್ನು ನೋಡುವ ಆಸೆಯಿಂದಲೇ ನಾನು ಎಳ್ಳಮಾವಾಸ್ಯೆಗೆ ಬಂಧುಗಳ ಹೊಲಕ್ಕೆ ಹೋದೆನು. ಸಂಗಡ ಸೋದರಮಾವನವರ ನಾಲ್ಕಂಗುಲದ ದೂರದರ್ಶಕವಿದ್ದಿತು. ಅವರು ಕಾಲವಾದ ಮೇಲೆ ನನ್ನ ಪಾಲಿಗೆ ಬಂದ ಒಂದೇ ವಸ್ತು ಅದು.

ಹಗಲು ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳ ಊಟ ಮುಗಿಸಿ, ಕತ್ತಲಾದ ಮೇಲೆ ಕಡಲೆಯ ಹೊಲದಂಚಿನಲ್ಲಿ ಯಂತ್ರವನ್ನು ನಿಲ್ಲಿಸಿದೆವು. ಕೃತ್ತಿಕೆಯ ಗುಂಪು ಮುತ್ತು ಚೆಲ್ಲಿದಂತೆ ಕಂಡಿತು. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ನಕ್ಷತ್ರಗಳು ಒಂದೊಂದಾಗಿ ಮಸುಕಾದವು. ಮೋಡ ಬಂತೆಂದು ತಲೆಯೆತ್ತಿದರೆ ಬಾನು ನಿರ್ಮಲವಾಗಿಯೇ ಇತ್ತು. ಮಸೂರದ ಮೇಲೆ ಇಬ್ಬನಿ ಕೂತಿತ್ತು. ನಾನು ಅವಸರದಿಂದ ಉತ್ತರೀಯದ ಸೆರಗಿನಿಂದ ಅದನ್ನು ಒರಸಿ, ಮತ್ತೆ ನೋಡಿ, ಮತ್ತೆ ಒರಸಿ, ಕೊನೆಗೆ ಒದ್ದೆಯಿರುವಾಗಲೇ ಮುಚ್ಚಳವಿಟ್ಟು ತೊಗಲಿನ ಪೆಟ್ಟಿಗೆಯಲ್ಲಿ ಹಾಕಿದೆನು. ಮಳೆಗಾಲ ಕಳೆದು ತೆರೆದಾಗ ಗಾಜಿನ ಮೇಲೆ ಸೂಕ್ಷ್ಮವಾದ ಗೀರುಗಳು. ಅಂಚಿನಲ್ಲಿ ಜೇಡನ ಬಲೆಯಂಥ ಬೂಷ್ಟು. ಮಾವನವರು ಬಹುಕಾಲ ಕಾಪಾಡಿದ್ದನ್ನು ನಾನು ಒಂದು ರಾತ್ರಿಯಲ್ಲಿ ಕೆಡಿಸಿದ್ದೆನು. ದಾರಿಯುದ್ದಕ್ಕೂ ಕೂತಿದ್ದ ಕಲ್ಲುಧೂಳೇ ಬಟ್ಟೆಯ ಕೆಳಗೆ ಅರದಂತೆ ಉಜ್ಜಿತ್ತು. ಒಳಗೆ ಸಿಕ್ಕಿಬಿದ್ದ ತೇವವು ಬೂಷ್ಟನ್ನು ಸಾಕಿತ್ತು. ಇಬ್ಬನಿ ಮಾಡಿದ ಕೇಡು ಇದರಲ್ಲಿ ಏನೂ ಇರಲಿಲ್ಲ.

ಇಬ್ಬನಿ ಆಕಾಶದಿಂದ ಬೀಳುವುದೆಂದು ನಾವು ಹೇಳುವುದುಂಟು. ಅದು ಹಾಗಲ್ಲವೆಂದು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ೧೮೧೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದನು. ತೆರೆದ ಬಾನಿಗೆ ಮುಖಮಾಡಿದ ವಸ್ತುವು ತನ್ನ ಕಾವನ್ನು ಬಾನಿಗೆ ಬಿಟ್ಟುಕೊಟ್ಟು ಸುತ್ತಣ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿರುವ ಆವಿಯು ಅದರ ಮೇಲೆ ಹನಿಗಟ್ಟುತ್ತದೆ. ಬಯಲಲ್ಲಿ ಬಿಟ್ಟ ಬಂಡಿ ತೊಯ್ದು, ಹುಣಸೆಮರದ ಅಡಿಯಲ್ಲಿ ಬಿಟ್ಟದ್ದು ಒಣಗಿಯೇ ಉಳಿಯುವುದು ಈ ಕಾರಣದಿಂದ. ಮರವು ಅದಕ್ಕೆ ಬಾನನ್ನು ಮರೆಮಾಡಿರುತ್ತದೆ.

ಉಪಾಯವೂ ಇದರಲ್ಲಿಯೇ ಇದೆ. ಮಸೂರಕ್ಕೆ ಒಂದು ಮರವನ್ನು ಒದಗಿಸಬೇಕು. ಅದರ ಅಗಲದ ಒಂದೂವರೆ ಎರಡು ಪಾಲು ಉದ್ದವಾಗಿ ಕರಿಯ ರಟ್ಟನ್ನು ಕೊಳವೆಯಂತೆ ಸುತ್ತಿ ತುದಿಗೆ ತೊಡಿಸಿದರೆ ಗಾಜಿಗೆ ಕಾಣುವ ಬಾನು ಕಿರಿದಾಗಿ, ಅದು ತಣಿಯುವುದು ನಿಧಾನವಾಗುತ್ತದೆ. ಚಿಂಚೋಳಿಯು ೧೯೪೮ರವರೆಗೆ ಸೇರಿದ್ದ ನಿಜಾಮರ ಸಂಸ್ಥಾನದ ರಾಜಧಾನಿಯಲ್ಲಿ ನವಾಬ ಜಫರ್ ಜಂಗರು ೧೯೦೧ರಲ್ಲಿ ಸ್ಥಾಪಿಸಿದ ವೇಧಶಾಲೆಗೆ ಹದಿನೈದಂಗುಲದ ದೂರದರ್ಶಕವಿದ್ದಿತು. ಅಂಥ ದೊಡ್ಡ ಯಂತ್ರಗಳಿಗೆ ಗುಮ್ಮಟವೇ ಮರದ ನೆರಳು. ನಮ್ಮಂಥವರಿಗೆ ರಟ್ಟಿನ ಕೊಳವೆ ಸಾಕು. ಅದು ಸಾಲದ ರಾತ್ರಿ ಬ್ಯಾಟರಿಯಿಂದ ಬೆಚ್ಚಗಾಗುವ ಪಟ್ಟಿಯನ್ನು ಮಸೂರದ ಸುತ್ತ ಕಟ್ಟುವುದುಂಟು. ಗಾಜು ಸುಡಬೇಕಾದುದಿಲ್ಲ, ತಣ್ಣಗಾಗದಿದ್ದರೆ ಆಯಿತು.

ಇಷ್ಟಾದರೂ ಇಬ್ಬನಿ ಕೂತರೆ ಒರಸಕೂಡದು. ಕೂದಲೊಣಗಿಸುವ ಯಂತ್ರದ ಹದವಾದ ಗಾಳಿಯನ್ನು ದೂರದಿಂದ ಹಾಯಿಸಬಹುದು. ಮನೆಗೆ ತಂದ ಮೇಲೆ ಮುಚ್ಚಳ ತೆಗೆದು, ಧೂಳು ಬೀಳದಂತೆ ಮೋರೆಯನ್ನು ತುಸು ಕೆಳಗೆ ಬಾಗಿಸಿ, ಪೂರ್ತಿ ಆರುವವರೆಗೆ ಬಿಡಬೇಕು. ಗಾಜು ಒಣಗಿದ್ದರೆ ಮಾತ್ರ ಹೊಲದಲ್ಲಿಯೇ ಮುಚ್ಚಿ ಪೆಟ್ಟಿಗೆಯಲ್ಲಿಟ್ಟು ತಂದು, ಮನೆಯ ಕಾವು ಅದಕ್ಕೆ ಇಳಿದ ಮೇಲೆ ತೆರೆಯತಕ್ಕದ್ದು. ಇಲ್ಲವಾದರೆ ಮನೆಯ ತೇವವೇ ತಣ್ಣನೆಯ ಗಾಜಿನ ಮೇಲೆ ಕೂರುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಮನೆಯ ಕನ್ನಡಿಗೆ ಲೇಪ ಬೆನ್ನಿಗಿದ್ದರೆ ಅದಕ್ಕೆ ಮುಖದ ಮೇಲೆಯೇ ಇರುತ್ತದೆ. ಆ ಅಲ್ಯುಮಿನಿಯಂ ಲೇಪದ ದಪ್ಪ ಮಿಲಿಮೀಟರಿನ ಹತ್ತುಸಾವಿರದಲ್ಲಿ ಸುಮಾರು ಒಂದು ಪಾಲು.

ಇಡುವ ಜಾಗಕ್ಕೆ ತೊಗಲಿನ ಪೆಟ್ಟಿಗೆ ಒಳ್ಳೆಯದಲ್ಲ. ತೊಗಲು ತೇವವನ್ನು ಹಿಡಿದು ಬೂಷ್ಟಿಗೆ ಆಹಾರವಾಗುತ್ತದೆ. ಬಿಗಿಯಾದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣ, ಇವೆರಡಿದ್ದರೆ ಸಾಕು. ಹರಳುಗಳ ಬಣ್ಣ ಬದಲಾದಾಗ ಅವುಗಳನ್ನು ಅಡಿಗೆಗೆ ಬಳಸದ ಪಾತ್ರೆಯಲ್ಲಿ ಕಾಯಿಸಿ ತಿರುಗಿ ಇಡಬಹುದು. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಮರೆಯಬಾರದು. ಹಪ್ಪಳದ ಡಬ್ಬಿಯನ್ನು ಮರೆಯುವ ಗೃಹಿಣಿಯುಂಟೆ?

ಮುಂದಿನ ಎಳ್ಳಮಾವಾಸ್ಯೆಗೆ ಮತ್ತೆ ಅದೇ ಹೊಲಕ್ಕೆ ಹೋದೆನು. ಈ ಸಲ ರಟ್ಟಿನ ಕೊಳವೆಯಿತ್ತು, ಒರಸುವ ಸೆರಗು ಇರಲಿಲ್ಲ. ನಡುರಾತ್ರಿಯವರೆಗೆ ಗಾಜು ತಿಳಿಯಾಗಿಯೇ ಉಳಿಯಿತು. ಗೀರುಗಳು ಮಾಸಿರಲಿಲ್ಲ, ಪ್ರಕಾಶಮಾನವಾದ ನಕ್ಷತ್ರಗಳ ಸುತ್ತ ತೆಳುವಾದ ಮಬ್ಬು ಕಾಣುತ್ತಲೇ ಇತ್ತು. ತಂಗಿಯ ಮಗಳು ಕೃತ್ತಿಕೆಯನ್ನು ಎಣಿಸುತ್ತ, "ಮಬ್ಬೇಕೆ?" ಎಂದು ಕೇಳಿದಳು. ನಡೆದುದನ್ನು ನಡೆದಂತೆ ಹೇಳಿದೆನು.

ಬೆಳಗಾಗುವಾಗ ಕಡಲೆಯ ಎಲೆಗಳೆಲ್ಲ ತೊಯ್ದಿದ್ದವು. ಈ ಗಿಡದ ಎಲೆ ಹುಳಿಯ ರಸವನ್ನು ಒಸರುತ್ತದೆ. ರಾತ್ರಿ ಅದರ ಮೇಲೆ ಬಿಳಿಯ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿಕೊಳ್ಳುವ ರೂಢಿ ನಮ್ಮ ನಾಡಿನಲ್ಲುಂಟು. ಅದೇ ನೀರು, ಅದೇ ಬಟ್ಟೆ; ಅಲ್ಲಿ ಒಂದು ಮನೆಗೆ ಔಷಧಿ, ಇಲ್ಲಿ ನನ್ನ ಗಾಜಿಗೆ ಗೀರು. ಹುಡುಗಿ ಬಿಸಿಲಿನವರೆಗೂ ಯಂತ್ರದ ಬಳಿ ಕಾದು ಕುಳಿತು, ಕೊನೆಯ ಹನಿ ಆರಿದ ಮೇಲೆ ತಾನೇ ಮುಚ್ಚಳವಿಟ್ಟಳು. ಪೆಟ್ಟಿಗೆಯನ್ನು ಅವಳ ಕೈಯಲ್ಲಿಯೇ ಬಿಟ್ಟು ಬಂದೆನು.