ಟ್ಯಾಬ್ಲೆಟ್ಟಿನೊಡನೆ ಹಂಪೆಯಲ್ಲಿ

ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ತಲುಪುವುದು ಸುಲಭ, ನೋಡಿ ತಿಳಿಯುವುದು ಅಷ್ಟು ಸುಲಭವಲ್ಲ. ಯಾವುದು ಅಂಗಡಿಬೀದಿ, ಯಾವುದು ಅರಮನೆಯ ಅಡಿಪಾಯ ಎಂದರಿಯದೆ, ಬಿಸಿಲಿಗೆ ಬಳಲಿ ಹಿಂದಿರುಗುವವರೇ ಹೆಚ್ಚು. ಈ ಸಲ ನಾವು, ಮನೆಯಲ್ಲಿ ಮಕ್ಕಳ ಸಿನಿಮಾಕ್ಕೆ ಮೀಸಲಾಗಿದ್ದ ಟ್ಯಾಬ್ಲೆಟ್ಟನ್ನು ಜೊತೆಗೊಯ್ದೆವು. ಅದು ನಮ್ಮ ತಂದೆಯವರಿಗಾಗಿ. ಇತಿಹಾಸದ ಉಪಾಧ್ಯಾಯರಾಗಿ ಅನೇಕ ವರ್ಷ ವಿದ್ಯಾರ್ಥಿಗಳನ್ನು ಹಂಪೆಗೆ ಕರೆದೊಯ್ದಿದ್ದ ಅವರಿಗೆ ಈಗ ಕಣ್ಣು ಮಂಜು, ಮಂಡಿ ಬಾಗದು. ಇನ್ನೊಮ್ಮೆ ಹಂಪೆಯನ್ನು ಕಾಣಬೇಕೆಂಬುದು ಅವರ ಆಸೆ.

ಸಿದ್ಧತೆಯೆಲ್ಲ ಊರು ಬಿಡುವ ಮುನ್ನವೇ ಆಗತಕ್ಕದ್ದು. ಬಂಡೆಗಳ ನಡುವೆ ಇಂಟರ್ನೆಟ್ಟನ್ನು ನೆಚ್ಚುವಂತಿಲ್ಲ. ಆರ್ಗಾನಿಕ್ ಮ್ಯಾಪ್ಸ್ ಎಂಬ ಆ್ಯಪಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ, ಸಂಪರ್ಕವಿಲ್ಲದ ಕಡೆಯೂ ಅದು ಕಾಲುದಾರಿಗಳನ್ನು ತೋರಿಸುತ್ತದೆ. ನಾವು ನಿಂತ ಸ್ಥಳವನ್ನು ತಿಳಿಯಲು ಮಾತ್ರ ಜಿಪಿಎಸ್ ಬೇಕು. ವೈಫೈ ಮಾತ್ರವಿರುವ ಐಪ್ಯಾಡುಗಳಲ್ಲಿ ಅದಿಲ್ಲ; ಸಿಮ್ ಸೌಕರ್ಯವುಳ್ಳವುಗಳಲ್ಲಿ ಇದೆ. ಕೊಳ್ಳುವಾಗಲೇ ವಿಚಾರಿಸುವುದು ಲೇಸು.

ರಾಬರ್ಟ್ ಸೀವೆಲ್ಲನು 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್' ಗ್ರಂಥವು ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತವಾಗಿ ದೊರೆಯುತ್ತದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ವೃತ್ತಾಂತದ ಅನುವಾದವೂ ಅದರಲ್ಲಿದೆ. ವಿರೂಪಾಕ್ಷ ದೇವಾಲಯದ ನೆರಳಿನಲ್ಲಿ ಕುಳಿತು ತಂದೆಯವರು ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಿದರು. ಬೆಟ್ಟವನ್ನೇರಿ ನೋಡಿದ ಪಾಯೆಸನಿಗೆ ಈ ನಗರವು ರೋಮಿನಷ್ಟು ದೊಡ್ಡದಾಗಿ ಕಂಡಿತಂತೆ. ಆ ಭಾಗವನ್ನು ಅವರು ಎರಡು ಸಲ ಓದಿದರು. ಕನ್ನಡಕವಿದ್ದರೂ ಮುದ್ರಿತ ಪುಸ್ತಕ ಈಗ ಅವರಿಗೆ ಎಟುಕದು.

ವಿಜಯವಿಠ್ಠಲ ದೇವಾಲಯದ ಹತ್ತಿರದವರೆಗೆ ಬ್ಯಾಟರಿ ಬಂಡಿಯುಂಟು. ಅಲ್ಲಿ ಕಲ್ಲಿನ ರಥದ ಮುಂದೆ ನಿಂತು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರವನ್ನು ತೆರೆದೆವು. ಆ ಚಿತ್ರದ ರಥಕ್ಕೆ ಇಟ್ಟಿಗೆಯ ಶಿಖರವಿದೆ! ಇಂದಿನ ರಥಕ್ಕೆ ಅದಿಲ್ಲ. ನಮ್ಮ ಐವತ್ತರ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ. ಚಿತ್ರವನ್ನೂ ಕಲ್ಲನ್ನೂ ಒಂದೇ ನೋಟದಲ್ಲಿ ಹಿಡಿದಾಗ ಉಂಟಾಗುವ ತಳಮಳ, ಮನೆಯಲ್ಲಿ ಕುಳಿತು ಚಿತ್ರವನ್ನು ನೋಡಿದರೆ ಉಂಟಾಗದು. ಸುತ್ತಲಿನವರು ರಥದ ಮುಂದೆ ತಮ್ಮ ಚಿತ್ರವನ್ನೇ ತೆಗೆದುಕೊಳ್ಳುತ್ತಿದ್ದರು.

ಬಿಸಿಲು ಈ ಸಾಧನದ ಶತ್ರು. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ. ಬೇಸಗೆಯ ಹಂಪೆ ಆ ಮಿತಿಯನ್ನು ಲೆಕ್ಕಿಸುವುದಿಲ್ಲ. ಹೊಳಪು ತಗ್ಗಿಸುವ ಪರದೆಯ ಹಾಳೆ, ತಿಳಿಬಣ್ಣದ ಬಟ್ಟೆಯ ಚೀಲ ಎರಡೂ ಉಪಯುಕ್ತ. 10,000 ಎಂದು ಬರೆದ ಪವರ್ ಬ್ಯಾಂಕಿನಿಂದ ಅಷ್ಟೂ ಟ್ಯಾಬ್ಲೆಟ್ಟಿಗೆ ಸೇರದು. ವೋಲ್ಟೇಜು ಏರಿಸುವಲ್ಲಿ, ಶಾಖದಲ್ಲಿ ಒಂದು ಪಾಲು ಸೋರಿಹೋಗುತ್ತದೆ. ಆದ್ದರಿಂದ 20,000ದ ಒಂದನ್ನು ಒಯ್ಯುವುದು ಮೇಲು. ಅಂಗಡಿಯಲ್ಲಿ ಹೊಗಳುವ ಕೀಬೋರ್ಡು ಮಾತ್ರ ಹಂಪೆಯಲ್ಲಿ ಬರಿಯ ಹೊರೆ.

ಪೆನ್ನಿನ ಬೆಲೆ ನಮಗೆ ತಿಳಿದದ್ದು ಮರುದಿನ. ಬೆಳಗಿನ ಜಾವ ಮೊಮ್ಮಗನು ಟ್ಯಾಬ್ಲೆಟ್ಟನ್ನು ಬೆನ್ನಿಗೇರಿಸಿಕೊಂಡು ಮಾತಂಗ ಬೆಟ್ಟವನ್ನು ಹತ್ತಿ ಚಿತ್ರಗಳನ್ನು ತಂದನು. ಕೆಳಗೆ ಅಚ್ಯುತರಾಯ ದೇವಾಲಯ: ಒಂದರೊಳಗೊಂದು ಎರಡು ಪ್ರಾಕಾರಗಳು, ಉತ್ತರಕ್ಕೆ ನದಿಯತ್ತ ಸಾಗುವ ಬೀದಿ. ತಂದೆಯವರು ಹೋಟೆಲಿನ ಮಂಚದ ಮೇಲೆ ಕುಳಿತು ಅದನ್ನು ಬಹಳ ಹೊತ್ತು ನೋಡಿದರು. ಅನಂತರ ಪೆನ್ನನ್ನು ಹಿಡಿದು ಒಂದು ಬಂಡೆಯ ಸುತ್ತ ವೃತ್ತವೆಳೆದರು.

“ಮಗೂ, ಹುಡುಗರನ್ನು ಇಲ್ಲಿ ಕೂರಿಸಿ ಪಾಠ ಹೇಳುತ್ತಿದ್ದೆ.”

“ಅಲ್ಲಿಗೂ ಹೋಗಿದ್ದೆ ತಾತ. ಈಗಲೂ ಕೂರಬಹುದು.”

ಆ ಬಂಡೆಯಿಂದ ಯಾವ ಯಾವ ಗೋಪುರಗಳು ಕಂಡವೆಂದು ಅವರು ಒಂದೊಂದಾಗಿ ಕೇಳತೊಡಗಿದರು.