ಹರಿ ಎಂಬ ಎರಡಕ್ಷರ

ನಿಘಂಟು ಓದುವುದು ನನಗೆ ಅಚ್ಚುಮೆಚ್ಚು. ಗೊತ್ತಿಲ್ಲದ ಪದಕ್ಕಿಂತ, ಗೊತ್ತೇ ಇದೆ ಎಂದುಕೊಂಡ ಪುಟ್ಟ ಪದವನ್ನು ಹಿಡಿದು ಅದರ ಕುಲಗೋತ್ರ ವಿಚಾರಿಸುವುದರಲ್ಲಿ ಹೆಚ್ಚು ಸುಖ. ದಾವಣಗೆರೆಯವರಿಗೆ ಅಂಥದೊಂದು ಪದ ನೆರೆಯ ಹರಿಹರದ ಹೆಸರಿನಲ್ಲೇ ಇದೆ: ಹರಿ.

ಅಲ್ಲಿ ತುಂಗಭದ್ರೆ ಹರಿಯುತ್ತಾಳೆ. ಈ ಹರಿ ಅಚ್ಚಗನ್ನಡದ್ದು, ಹಳಗನ್ನಡದ 'ಪರಿ'. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪರಿ ಹರಿಯಾಯಿತು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ, ಹರನೊಡನೆ ಒಂದೇ ಮೂರ್ತಿಯಾಗಿ ನಿಂತ ಹರಿ ಬೇರೆ, ಅವನು ಸಂಸ್ಕೃತದವನು. ಆ ಭಾಷೆಯಲ್ಲಿ ಹರಿ ಎಂದರೆ ಹೊಂಬಣ್ಣ, ಹಸಿರು. ಸಿಂಹ, ಕುದುರೆ, ಕಪಿ, ಗಿಳಿ, ಕಪ್ಪೆಯೂ ಹೌದು. ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹಳ್ಳದ ಹೆಸರು ಹರಿದ್ರಾ, ಅಂದರೆ ಅರಿಸಿನ. ಅದೂ ಇದೇ ಬಣ್ಣದ ಬಳಗ. ದಾವಣಗೆರೆಯ ಉರ್ದು ಮಾತಿನ ಮನೆಗಳ 'ಹರೀ ಮಿರ್ಚಿ'ಯೂ ಅದೇ ಬಳಗದ್ದು.

ಕಡಲು ದಾಟಿದರೆ ಮಲಯ ಭಾಷೆಯಲ್ಲಿ ಹರಿ ಎಂದರೆ ದಿನ. 'ಮಾತಾಹರಿ' ದಿನದ ಕಣ್ಣು, ಸೂರ್ಯ. ನಮ್ಮಲ್ಲಿ ಬೆಳಗು 'ಹರಿಯುತ್ತದೆ' ಎನ್ನುವುದು ನೆನಪಾಗಿ ಮೈ ಜುಮ್ಮೆನ್ನುತ್ತದೆ. ಜಪಾನಿನಲ್ಲಿ ಹರಿ ಎಂದರೆ ಸೂಜಿ. ಫೆಬ್ರವರಿ 8ರಂದು ಅಲ್ಲಿನ ಹಲವು ಕಡೆ ಸವೆದ, ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ, ದುಡಿದ ಸೂಜಿಗೆ ಕೃತಜ್ಞತೆ ಹೇಳುತ್ತಾರೆ. ನಮ್ಮಲ್ಲಿ ಬಟ್ಟೆ ಹರಿಯುತ್ತದೆ, ಅವರ ಹರಿ ಅದನ್ನು ಹೊಲಿಯುತ್ತದೆ! ಸೋಜಿಗವೆಂದರೆ, ಹಳೆಯ ಜಪಾನಿಯಲ್ಲಿ ಆ ಸೂಜಿಯ ಹೆಸರೂ 'ಪರಿ'. ಕನ್ನಡದಂತೆ ಅಲ್ಲಿಯೂ ಪಕಾರ ಹಕಾರವಾಗಿದೆ.

ಇಷ್ಟಾದರೂ ಕನ್ನಡದ ಹರಿಗೂ ಜಪಾನಿನ ಹರಿಗೂ, ಮಲಯದ ಹರಿಗೂ ನಂಟಿಲ್ಲ. ಬಾಯಿಂದ ಹೊರಡುವ ದನಿಗಳು ಕೆಲವೇ. ಎರಡಕ್ಷರದ ಪದಗಳು ಅಲ್ಲಲ್ಲಿ ಒಂದೇ ಆಗುವುದು ಸಹಜ. ನಿಜವಾದ ನೆಂಟರ ಮುಖ ಹೋಲಬೇಕೆಂದೂ ಇಲ್ಲ. ಸಂಸ್ಕೃತದ ಹರಿಗೂ ಇಂಗ್ಲಿಷಿನ ಯೆಲ್ಲೋ, ಗೋಲ್ಡ್‌ಗಳಿಗೂ ಮೂಲ ಒಂದೇ. ನೆಂಟಸ್ತನಕ್ಕೆ ಸಾಕ್ಷಿ ಒಂದು ಪದದ ಹೋಲಿಕೆಯಲ್ಲ, ಹಲವು ಪದಗಳಲ್ಲಿ ಒಂದೇ ಕ್ರಮದಲ್ಲಿ ಕಾಣುವ ದನಿಪಲ್ಲಟ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ದೂರದ ಭಾಷೆಯಲ್ಲಿ ಕನ್ನಡದ ಪದ ಕೇಳಿಸಿದರೆ ಮನಸಾರೆ ಹಿಗ್ಗಿ. ಅದು ನಮ್ಮದೇ ಎಂದು ಸಾರುವ ಮುನ್ನ ಅದರ ಹಳೆಯ ರೂಪ ಹುಡುಕಿ. ಆ ಹುಡುಕಾಟದಲ್ಲಿ ಇನ್ನೂ ದೊಡ್ಡ ಹಿಗ್ಗಿದೆ.