ಬಾಗಿಲು ಹಾಕಿದ ಚಾಟ್ಸ್‌ವುಡ್

ಡಿಸೆಂಬರ್ 24ರ ಸಂಜೆ ಚಾಟ್ಸ್‌ವುಡ್‌ನ ವಿಕ್ಟೋರಿಯಾ ಅವೆನ್ಯೂಗೆ ಹೋಗಿದ್ದೀರಾ? ಗೌರಿಹಬ್ಬದ ಹಿಂದಿನ ದಿನದ ಗಾಂಧಿಬಜಾರೇ ಸರಿ, ಕಾಲಿಡಲು ಜಾಗವಿಲ್ಲ. ಮರುದಿನ ಬೆಳಿಗ್ಗೆ ಹೋಗಿ ನೋಡಿ. ವೆಸ್ಟ್‌ಫೀಲ್ಡ್ ಬಾಗಿಲು ಹಾಕಿರುತ್ತದೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ.

ಬಂದ ಮೊದಲ ವರ್ಷ ಆ ಮೌನಕ್ಕೆ ಹೆದರಿದ್ದೆ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ಅಮ್ಮ ಒಬ್ಬಳೇ. ಹೋಗೋಣವೆಂದರೆ ರಜೆಯ ಕಾಲದ ಟಿಕೆಟ್ ದರ ಗೊತ್ತಲ್ಲ! ಫೋನಿನಲ್ಲಿ ಇಬ್ಬರಿಗೂ ಮಾತು ಹೊರಡಲಿಲ್ಲ.

ಈಗ ಆ ಬೆಳಗಿಗೆಂದೇ ಕಾಯುತ್ತೇನೆ. ಧನುರ್ಮಾಸವಲ್ಲವೇ, ಎದ್ದೊಡನೆ ಹುಗ್ಗಿಗಿಡುತ್ತೇನೆ. ಮೈಸೂರಿನ ಚಳಿ ಇಲ್ಲಿಲ್ಲ, ಡಿಸೆಂಬರ್ ಎಂದರೆ ನಡುಬೇಸಿಗೆ. ಆದರೆ ಬೇಸಿಗೆಯ ಜೊತೆ ಮಾವಿನಹಣ್ಣೂ ಬರುತ್ತದೆ! ಹುಗ್ಗಿಯ ಪಕ್ಕದಲ್ಲಿ ಮಾವಿನ ಹೋಳು, ಅದೂ ಧನುರ್ಮಾಸದಲ್ಲಿ. ನಮ್ಮಜ್ಜಿ ಕೇಳಿದ್ದರೆ ನಂಬುತ್ತಿರಲಿಲ್ಲ. ತಿಂದು ಫುಲ್ಲರ್ಸ್ ಸೇತುವೆಯವರೆಗೆ ನಡೆಯುತ್ತೇನೆ. ಕೆಳಗೆ ಲೇನ್ ಕೋವ್ ನದಿ ಸದ್ದಿಲ್ಲದೆ ನಿಂತಿರುತ್ತದೆ. ನೀಲಗಿರಿ ಮರಗಳಲ್ಲಿ ಮಾತ್ರ ಜೀರುಂಡೆಗಳ ಗದ್ದಲ. ದಾರಿಯಲ್ಲಿ ಎದುರಾಗುವ ಒಬ್ಬಿಬ್ಬರು ಗುರುತಿಲ್ಲದಿದ್ದರೂ "ಮೆರ್ರಿ ಕ್ರಿಸ್‌ಮಸ್" ಎಂದು ಹೋಗುತ್ತಾರೆ. ಉಳಿದ ದಿನ ರೈಲು ಹಿಡಿಯುವ ಅವಸರದಲ್ಲಿ ಯಾರು ಯಾರ ಮುಖ ನೋಡುತ್ತೇವೆ ಹೇಳಿ?

ಹನ್ನೊಂದಕ್ಕೆ ಮನೆಗೆ ಬಂದು ಫೋನ್ ಮಾಡುತ್ತೇನೆ. ಅಲ್ಲಿ ಬೆಳಗಿನ ಐದೂವರೆ, ಅಮ್ಮನ ಪೂಜೆಯ ಹೊತ್ತು. ಸ್ಪೀಕರ್ ಹಾಕಿ ದೇವರ ಮುಂದಿಟ್ಟು ಮಂಗಳಾರತಿ ಮಾಡುತ್ತಾಳೆ. ಗಂಟೆಯ ಸದ್ದು ಕೇಳುತ್ತಾ ನಾನು ಕೂತಿರುತ್ತೇನೆ. ಪೂಜೆ ಮುಗಿದ ಮೇಲೂ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ.

"ಏನೋ ಅದು ಸೊರಸೊರ ಸದ್ದು?"

"ಮಾವಿನ ವಾಟೆ ಚೀಪ್ತಾ ಇದ್ದೀನಮ್ಮ."

"ಈ ಚಳೀಲಿ ಮಾವಿನಹಣ್ಣಾ?" ಪ್ರತಿವರ್ಷವೂ ಕೇಳುತ್ತಾಳೆ.